ಹಳೆಯ ಪಿಕಪ್ ಟ್ರಕ್ಕಿನ ಜಾಮಾದ ಚಾಲನಾಂಗಗಳನ್ನು ಬಿಚ್ಚುವುದು

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯನ್ನು ಚಕ್ರದವರೆಗೆ ಒಯ್ಯುವ ಭಾಗಗಳ ಸಾಲನ್ನು ಚಾಲನಾಂಗ ಅಥವಾ ಡ್ರೈವ್‌ಟ್ರೇನ್ ಎನ್ನುತ್ತಾರೆ. ಪಿಕಪ್ ಟ್ರಕ್ಕಿನಲ್ಲಿ ಈ ಸಾಲು ಕ್ಲಚ್ಚಿನಿಂದ ತೊಡಗಿ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಗಳ ಯೂನಿವರ್ಸಲ್ ಜಾಯಿಂಟ್, ಡಿಫರೆನ್ಷಿಯಲ್, ಆಕ್ಸಲ್ ಶಾಫ್ಟುಗಳನ್ನು ದಾಟಿ ಹಬ್ಬಿನಲ್ಲಿ ಮುಗಿಯುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಗಾಡಿಯಾದರೆ ನಡುವೆ ಟ್ರಾನ್ಸ್‌ಫರ್ ಕೇಸ್, ಮುಂದೆ ಇನ್ನೊಂದು ಆಕ್ಸಲ್ ಸೇರಿಕೊಳ್ಳುತ್ತವೆ. ಹತ್ತಾರು ವರ್ಷ ದುಡಿದ ಗಾಡಿಯಲ್ಲಿ ಇವುಗಳಲ್ಲೊಂದನ್ನು ಹೊರತೆಗೆಯಲು ಹೋದರೆ, ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದ ಕೆಲಸಕ್ಕೆ ಇಡೀ ದಿನ ಹಿಡಿಯುವುದುಂಟು. ಭಾಗ ಅಲುಗದಿದ್ದಾಗ ಸಹಜವಾಗಿ ಬರುವ ತೀರ್ಮಾನ, ಹಾಕಿದ ಬಲ ಸಾಲದು ಎಂಬುದು. ಈ ತೀರ್ಮಾನ ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಬಿಡದ ಭಾಗವನ್ನು ಹಿಡಿದಿಡುವ ಕಾರಣಗಳು ಮೂರು ಬಗೆಯವು: ವಿನ್ಯಾಸಕಾರನೇ ಬೇಕೆಂದು ಇಟ್ಟ ಹಿಡಿತ, ತುಕ್ಕು ಕಾಲಕ್ರಮದಲ್ಲಿ ಬೆಳೆಸಿದ ಹಿಡಿತ, ಹೊರಗಿನಿಂದ ಕಾಣದ ಯಾವುದೋ ಒಂದು ತಡೆ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಾಗ ಮುರಿಯುವುದು ಹೆಚ್ಚಾಗಿ ಉಳಿಸಿಕೊಳ್ಳಬೇಕೆಂದಿದ್ದ ಭಾಗವೇ.

ಹಿನ್ನೆಲೆ

ಈ ಸಮಸ್ಯೆ ಅತ್ಯಂತ ತೀವ್ರವಾಗಿ ಕಾಣುವ ನೆಲವೆಂದರೆ ಉತ್ತರ ಅಮೆರಿಕ. ಫೋರ್ಡ್ ಎಫ್-100 ಅಲ್ಲಿ 1953ರಲ್ಲಿ ಬಂತು. ಷೆವ್ರೊಲೆ ಸಿ/ಕೆ ಸರಣಿ 1960ರ ಮಾದರಿಯಾಗಿ, ಡಾಜ್ ಡಿ ಸರಣಿ 1961ರ ಮಾದರಿಯಾಗಿ, ಫೋರ್ಡ್ ಎಫ್-150 1975ರ ಮಾದರಿಯಾಗಿ ಹಿಂಬಾಲಿಸಿದವು. ಜಪಾನಿನ ಟೊಯೊಟ ಹೈಲಕ್ಸ್ ಹುಟ್ಟಿದ್ದು 1968ರಲ್ಲಿ. ಕರ್ನಾಟಕದ ಬಿಡದಿಯಲ್ಲಿ 2022ರಿಂದ ತಯಾರಾಗುತ್ತಿರುವ ಹೈಲಕ್ಸ್ ಅದೇ ವಂಶದ್ದು. ಏಣಿಯಾಕಾರದ ಚಾಸಿ, ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಹೌಸಿಂಗ್, ಎರಕದ ಕಬ್ಬಿಣದ ದಪ್ಪ ಭಾಗಗಳು ಈ ಗಾಡಿಗಳ ಸಮಾನ ಲಕ್ಷಣ. ಹೊರೆ ಹೊರಲೆಂದೇ ಮಾಡಿದವಾದ್ದರಿಂದ ಇವುಗಳ ಬೆಸುಗೆಯಿಲ್ಲದ ಪ್ರತಿ ಜೋಡಣೆಯಲ್ಲೂ ಬಿಗಿತ ಹೆಚ್ಚು. ಕೆಳಭಾಗಕ್ಕೆ ಮುಚ್ಚಿಗೆಯಿಲ್ಲ, ಚಕ್ರ ಎರಚಿದ ನೀರು, ಕೆಸರು, ಉಪ್ಪು ನೇರವಾಗಿ ಅವುಗಳ ಮೇಲೆಯೇ ಬೀಳುತ್ತವೆ. ಮೇಲಾಗಿ ಇಂಥ ಗಾಡಿ ಹಲವು ಮಾಲೀಕರ ಕೈ ದಾಟಿ ಬಂದಿರುತ್ತದೆ. ಒಬ್ಬರು ಬೇರೆ ಮಾದರಿಯ ಆಕ್ಸಲ್ ಕೂರಿಸಿದ್ದರೆ, ಇನ್ನೊಬ್ಬರು ಅಳತೆ ತಪ್ಪಿದ ಬೋಲ್ಟು ತುರುಕಿರುತ್ತಾರೆ. ಹೀಗಾಗಿ ಬಾನೆಟ್ಟಿನ ಮೇಲಿನ ಹೆಸರು ನೋಡಿ ತೆರೆದ ಕೈಪಿಡಿ ಕೆಳಗಿರುವ ಭಾಗಕ್ಕೆ ಅನ್ವಯಿಸುತ್ತದೆಂಬ ಭರವಸೆಯಿಲ್ಲ.

ರಸ್ತೆಯ ಹಿಮ ಕರಗಿಸಲು ಉಪ್ಪು ಹಾಕುವುದನ್ನು ಸಾಮಾನ್ಯ ನೀತಿಯಾಗಿ ಮೊದಲು ಒಪ್ಪಿಕೊಂಡ ಅಮೆರಿಕದ ರಾಜ್ಯ ನ್ಯೂ ಹ್ಯಾಂಪ್‌ಷೈರ್. ಅದು 1941-42ರ ಚಳಿಗಾಲದ ಮಾತು. ಎರಡನೆಯ ಮಹಾಯುದ್ಧದ ಬಳಿಕ ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ಹಿಮದ ರಾಜ್ಯಗಳಲ್ಲೆಲ್ಲ ಆ ಪದ್ಧತಿ ಹಬ್ಬಿತು. ಒಂದೇ ಕಾರ್ಖಾನೆಯಲ್ಲಿ, ಒಂದೇ ಬಿಗಿತಕ್ಕೆ ಜೋಡಿಸಿದ ಎರಡು ಟ್ರಕ್ಕುಗಳಲ್ಲಿ ಒಂದು ಮಿಷಿಗನ್ನಿನಲ್ಲಿ, ಇನ್ನೊಂದು ಅರಿಜೋನದ ಒಣಭೂಮಿಯಲ್ಲಿ ಬದುಕಿದರೆ, ಎರಡನೆಯದರ ಬೋಲ್ಟುಗಳು ಸಾಮಾನ್ಯ ಸ್ಪ್ಯಾನರಿಗೆ ಬಿಚ್ಚಿಕೊಳ್ಳುತ್ತವೆ. ಮೊದಲನೆಯದರವು ತಲೆ ಕಳಚಿ ಕೈಗೆ ಬರುತ್ತವೆ. ಈ ವ್ಯತ್ಯಾಸಕ್ಕೆ ತುಕ್ಕು ಕಾರಣ. ಆದರೆ ಅರಿಜೋನದ ಟ್ರಕ್ಕಿನ ಡಿಫರೆನ್ಷಿಯಲ್ ಪಿನಿಯನ್ನಿನ ನಟ್ಟು ಕೂಡ ಮೋಟು ಸ್ಪ್ಯಾನರಿಗೆ ಜಗ್ಗುವುದಿಲ್ಲ. ಅದು ವಿನ್ಯಾಸದ ಬಿಗಿತ. ಅದೇ ಟ್ರಕ್ಕಿನ ಆಕ್ಸಲ್ ಶಾಫ್ಟನ್ನು ಒಳಗಿನ ಕ್ಲಿಪ್ಪು ತೆಗೆಯದೆ ಎಷ್ಟು ಎಳೆದರೂ ಬಾರದು. ಅದು ಕಾಣದ ತಡೆ. ಮೂರು ಹಿಡಿತಗಳೂ ಬೇರೆ ಬೇರೆ ಎಂಬುದಕ್ಕೆ ಈ ಹೋಲಿಕೆಯೇ ಸಾಕ್ಷಿ.

ವಿನ್ಯಾಸದ ಹಿಡಿತ

ಬೋಲ್ಟನ್ನು ಬಿಗಿಯುವಾಗ ಕೊಟ್ಟ ತಿರುಚುಬಲದಲ್ಲಿ ಸುಮಾರು ಅರ್ಧ ತಲೆಯ ಅಡಿಯ ಘರ್ಷಣೆಯಲ್ಲಿ, ಸುಮಾರು ಶೇ. 40 ಥ್ರೆಡ್ಡುಗಳ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಬೋಲ್ಟನ್ನು ಎಳೆದು ಭಾಗಗಳನ್ನು ಒತ್ತಿಹಿಡಿಯುವ ನಿಜವಾದ ಕೆಲಸಕ್ಕೆ ಉಳಿಯುವುದು ಶೇ. 10ರ ಆಸುಪಾಸು. ಬಿಚ್ಚುವವನಿಗೆ ಈ ಲೆಕ್ಕದಿಂದ ಎರಡು ಪಾಠಗಳಿವೆ. ಒಂದು, ಎಣ್ಣೆಯನ್ನು ಥ್ರೆಡ್ಡಿನ ತುದಿಗಷ್ಟೇ ಬಿಟ್ಟರೆ ತಲೆಯಡಿಯ ಅರ್ಧ ಹಿಡಿತ ಹಾಗೆಯೇ ಉಳಿಯುತ್ತದೆ. ಎರಡು, ಬೋಲ್ಟಿನ ತಲೆಯ ಮೇಲೆ ನೇರವಾಗಿ ಕೊಟ್ಟ ಒಂದೆರಡು ಗಟ್ಟಿ ಪೆಟ್ಟು ತಲೆ ಮತ್ತು ಥ್ರೆಡ್ಡು ಎರಡೂ ಕಡೆಯ ಘರ್ಷಣೆಯನ್ನು ಕ್ಷಣಮಾತ್ರ ಸಡಿಲಿಸುತ್ತದೆ. ಹಾಗಲ್ಲದೆ ಪೈಪು ತೊಡಿಸಿ ಹಿಡಿಯುದ್ದ ಹೆಚ್ಚಿಸಿದರೆ ಆಗುವುದೇನು? ಒಂದು ಮೀಟರ್ ಉದ್ದದ ಸರಳಿನ ತುದಿಗೆ 70 ಕಿಲೋ ತೂಕದ ಮನುಷ್ಯ ಪೂರ್ತಿ ಭಾರ ಬಿಟ್ಟರೆ ಬೋಲ್ಟಿನ ಮೇಲೆ ಸುಮಾರು 690 ನ್ಯೂಟನ್ ಮೀಟರ್ ಬೀಳುತ್ತದೆ. 12 ಮಿಲಿಮೀಟರಿನ ಸಾಧಾರಣ 8.8 ದರ್ಜೆಯ ಬೋಲ್ಟನ್ನು ಬಿಗಿಯುವುದು 80ರ ಆಸುಪಾಸಿಗೆ. ಇಷ್ಟು ಅಂತರವಿರುವಾಗ ಥ್ರೆಡ್ಡು ಬಿಡುವ ಮೊದಲೇ ಬೋಲ್ಟು ತಿರುಚಿ ತುಂಡಾದರೆ ಅಚ್ಚರಿಪಡಬೇಕಿಲ್ಲ.

ಅದೇ ಉದ್ದನೆಯ ಸರಳು ಪಿನಿಯನ್ ನಟ್ಟಿನ ಮುಂದೆ ಸರಿಯಾದ ಆಯುಧ. ಭಾರದ ಪಿಕಪ್ಪುಗಳಲ್ಲಿ ಕಾಣುವ ಡೇನ 60 ಆಕ್ಸಲ್ಲಿನ ಪಿನಿಯನ್ ನಟ್ಟಿಗೆ ನಿಗದಿಯಾದ ಬಿಗಿತವೇ ಸುಮಾರು 340 ನ್ಯೂಟನ್ ಮೀಟರ್. ಅದು ಜಾಮಾಗಿಲ್ಲ, ಇರಬೇಕಾದಷ್ಟು ಬಿಗಿಯಾಗಿದೆ; ಪಿನಿಯನ್ನಿಗೆ ಪ್ರೊಪೆಲ್ಲರ್ ಶಾಫ್ಟನ್ನು ಜೋಡಿಸುವ ಯೋಕು ತಿರುಗದಂತೆ ಇನ್ನೊಂದು ಸರಳಿನಿಂದ ಹಿಡಿದು ಬಲ ಹಾಕಿದರೆ ಬಿಡುತ್ತದೆ. ಆದರೆ ಇಲ್ಲೂ ಒಂದು ಎಚ್ಚರ ಬೇಕು. ಷೆವ್ರೊಲೆಯ 12 ಬೋಲ್ಟಿನ ಆಕ್ಸಲ್ಲಿನಂಥವುಗಳಲ್ಲಿ ಪಿನಿಯನ್ ಬೇರಿಂಗುಗಳ ಒತ್ತಡವನ್ನು ನಿಗದಿಮಾಡುವುದು ಒಮ್ಮೆ ಜಜ್ಜಿಕೊಂಡು ಅಳತೆಗೆ ಬರುವ ಒಂದು ಕೊಳವೆ. ನಟ್ಟು, ಶಾಫ್ಟು, ಯೋಕುಗಳ ಮೇಲೆ ಗುರುತು ಹಾಕದೆ ಬಿಚ್ಚಿದರೆ ಮತ್ತೆ ಅದೇ ಒತ್ತಡಕ್ಕೆ ತರುವುದು ಊಹೆಯ ಕೆಲಸವಾಗುತ್ತದೆ. ಹೆಚ್ಚು ಬಿಗಿದರೆ ಕೊಳವೆಯನ್ನೇ ಬದಲಿಸಬೇಕು. ತಿರುಪಿನ ದಿಕ್ಕೂ ವಿನ್ಯಾಸದ ಭಾಗವೇ. ಕ್ರೈಸ್ಲರ್ ಕಂಪನಿ 1970ರ ಆಸುಪಾಸಿನವರೆಗೆ ತನ್ನ ಅನೇಕ ಗಾಡಿಗಳ ಎಡಬದಿಯ ಚಕ್ರಗಳಿಗೆ ಎಡತಿರುಪಿನ ಸ್ಟಡ್ಡು ಹಾಕುತ್ತಿತ್ತು. ಸ್ಟಡ್ಡಿನ ತುದಿಯಲ್ಲಿರುವ ಎಲ್ ಅಕ್ಷರವನ್ನು ಗಮನಿಸದವನು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಲೇ ಹೋಗುತ್ತಾನೆ.

ತಿರುಪಿಲ್ಲದ ಹಿಡಿತಗಳೂ ಉಂಟು. ಬೇರಿಂಗನ್ನು ಶಾಫ್ಟಿನ ಮೇಲೆ ಕೂರಿಸುವಾಗ ಅದರ ರಂಧ್ರ ಶಾಫ್ಟಿಗಿಂತ ಮಿಲಿಮೀಟರಿನ ನೂರರ ಕೆಲವು ಭಾಗದಷ್ಟು ಕಿರಿದಾಗಿರುತ್ತದೆ. ಒತ್ತಿ ಕೂರಿಸಿದ ಮೇಲೆ ಆ ಬಿಗಿತವೇ ಅದನ್ನು ಹಿಡಿಯುತ್ತದೆ. 1957ರಲ್ಲಿ ಬಂದ ಫೋರ್ಡಿನ 9 ಇಂಚಿನ ಆಕ್ಸಲ್ಲಿನಲ್ಲಿ ಬೇರಿಂಗಿನ ಪಕ್ಕಕ್ಕೆ ಒಂದು ಉಕ್ಕಿನ ಬಳೆಯನ್ನೂ ಹೀಗೆಯೇ ಒತ್ತಿರುತ್ತಾರೆ. ಅದನ್ನು ಎಳೆದು ತೆಗೆಯುವ ಪದ್ಧತಿಯಿಲ್ಲ: ಶಾಫ್ಟಿಗೆ ತಾಗದಂತೆ ಬಳೆಯಲ್ಲಿ ಅರೆಬರೆ ರಂಧ್ರ ಕೊರೆದು ಉಳಿಯಿಂದ ಹೊಡೆದರೆ ಅದು ಸೀಳಿ ಬಿಡುತ್ತದೆ, ಮರುಜೋಡಣೆಗೆ ಹೊಸ ಬಳೆ ಹಾಕುತ್ತಾರೆ. ಮೊನಚು ಜೋಡಣೆಯದು ಮತ್ತೊಂದು ರೀತಿ. 1981ರಿಂದ 1986ರವರೆಗೆ ತಯಾರಾದ ಪುಟ್ಟ ಪಿಕಪ್ಪು ಜೀಪ್ ಸ್ಕ್ರ್ಯಾಂಬ್ಲರಿನಲ್ಲಿ ಬಳಕೆಯಾದ ಎಎಂಸಿ 20 ಆಕ್ಸಲ್ಲಿನ ಹಬ್ಬು ಶಾಫ್ಟಿನ ಮೊನಚು ತುದಿಯ ಮೇಲೆ ಕೂತಿರುತ್ತದೆ. ಕೋನ ಕಿರಿದಾದಷ್ಟೂ ಘರ್ಷಣೆ ಗೆಲ್ಲುವುದರಿಂದ ನಟ್ಟು ತೆಗೆದ ಮೇಲೂ ಹಬ್ಬು ತಾನಾಗಿ ಸಡಿಲಾಗುವುದಿಲ್ಲ. ಬಿಟ್ಟಾಗ ಮಾತ್ರ ಒಮ್ಮೆಲೇ ಸಿಡಿಯುತ್ತದೆ. ಅದಕ್ಕೇ ನಟ್ಟನ್ನು ಸಡಿಲಿಸಿ ಶಾಫ್ಟಿನ ಮೇಲೆಯೇ ಬಿಟ್ಟು ಪುಲ್ಲರಿನಿಂದ ಎಳೆಯಬೇಕು. ಬಡಿದು ಕಳಚುವ ಬಗೆಯ ಪುಲ್ಲರನ್ನು ಈ ಆಕ್ಸಲ್ಲಿಗೆ ಬಳಸಬಾರದು, ಏಕೆಂದರೆ ಪ್ರತಿ ಪೆಟ್ಟೂ ಒಳಗಿನ ಬೇರಿಂಗಿಗೆ ಮುಟ್ಟುತ್ತದೆ. ಹಳೆಯ ಹೈಲಕ್ಸ್ ನಾಲ್ಕು ಚಕ್ರ ಚಾಲನೆಯ ಮುಂದಿನ ಹಬ್ಬಿನಲ್ಲಿ ಮೊನಚು ವಾಷರುಗಳು ಸ್ಟಡ್ಡಿನ ಸುತ್ತ ಬಿಗಿದಿರುತ್ತವೆ. ಅಲ್ಲಿ ಹಿತ್ತಾಳೆ ಸರಳಿಟ್ಟು ಬಡಿದಾಗ ಅವು ಪುಟಿದು ಹೊರಬರುತ್ತವೆ. ಎರಡೂ ಮೊನಚು ಹಿಡಿತವೇ, ಆದರೂ ಒಂದಕ್ಕೆ ಪೆಟ್ಟು ಸಲ್ಲದು, ಇನ್ನೊಂದಕ್ಕೆ ಪೆಟ್ಟೇ ಬೇಕು. ಪೆಟ್ಟಿನ ಬಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದೇ ನಿರ್ಣಾಯಕ.

ತುಕ್ಕಿನ ಹಿಡಿತ

ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ತಿನ್ನುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ, ಎರಡು ಲೋಹಗಳ ನಡುವಿನ ಸಣ್ಣ ಸಂದಿಯಲ್ಲಿ ಬೆಳೆದ ತುಕ್ಕು ಅವೆರಡನ್ನೂ ಒತ್ತಿ ಹಿಡಿಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಈ ಕ್ರಿಯೆ ಬೇಗ ನಡೆಯುತ್ತದೆ. ಉಕ್ಕಿನ ಪಕ್ಕದಲ್ಲಿ ಅಲ್ಯೂಮಿನಿಯಂ ಇದ್ದರೆ ಸವೆಯುವುದು ಅಲ್ಯೂಮಿನಿಯಂ. ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಬೆಲ್ ಹೌಸಿಂಗು ಎಂಜಿನ್ನಿನ ಉಕ್ಕಿನ ಡೊವೆಲ್ ಪಿನ್ನುಗಳಿಗೆ ಅಂಟಿಕೊಳ್ಳುವುದು ಇದರಿಂದಲೇ. ಡೇನ 44, ಡೇನ 60ರಂಥ ಮುಂದಿನ ಆಕ್ಸಲ್ಲುಗಳಲ್ಲಿ ಹಬ್ಬು ತಿರುಗುವ ಸ್ಪಿಂಡಲ್ಲನ್ನು ಸ್ಟೀರಿಂಗ್ ನಕಲ್ಲಿಗೆ (ಚಕ್ರವನ್ನು ಹೊರಳಿಸುವ ಗೆಣ್ಣಿಗೆ) ಹಿಡಿದ ನಟ್ಟುಗಳೆಲ್ಲ ಬಿಚ್ಚಿದ ಮೇಲೂ ಸ್ಪಿಂಡಲ್ಲು ಅಲುಗುವುದಿಲ್ಲ. ಅಲ್ಲಿ ವಿನ್ಯಾಸದ ಹಿಡಿತ ಏನೂ ಉಳಿದಿರುವುದಿಲ್ಲ, ಕೂತ ಜಾಗದ ಸುತ್ತ ಉಂಗುರದಂತೆ ಬೆಳೆದ ತುಕ್ಕಷ್ಟೇ ಹಿಡಿದಿರುತ್ತದೆ. ಈ ಹಿಡಿತದ ಸ್ವಭಾವವನ್ನು ಅರಿತರೆ ದಾರಿಯೂ ಕಾಣುತ್ತದೆ. ತುಕ್ಕು ಒತ್ತಡವನ್ನು ತಾಳುತ್ತದೆ, ಬಿರುಕನ್ನು ತಾಳದು. ಒಂದೇ ಸಮನೆ ಎಳೆಯುವುದಕ್ಕಿಂತ ಅತ್ತಿತ್ತ ಅಲುಗಿಸುವುದು, ಬಿಸಿ ಮಾಡಿ ತಣಿಸುವುದು, ಸುತ್ತಲೂ ಸಣ್ಣ ಪೆಟ್ಟು ಹಾಕುವುದು ಇಲ್ಲಿ ಹೆಚ್ಚು ಫಲ ಕೊಡುತ್ತವೆ. ಬೋಲ್ಟು ಸ್ವಲ್ಪ ಬಿಟ್ಟಾಗ ಒಂದೇ ಉಸುರಿಗೆ ತಿರುಗಿಸದೆ ಕಾಲು ಸುತ್ತು ಹಿಂದೆ, ಅಷ್ಟೇ ಮುಂದೆ ಆಡಿಸುತ್ತ ಎಣ್ಣೆ ಬಿಡುವುದರ ಉದ್ದೇಶ, ಪುಡಿಯಾದ ತುಕ್ಕು ಥ್ರೆಡ್ಡಿನ ನಡುವೆ ಮತ್ತೆ ಕಟ್ಟಿಕೊಳ್ಳದಿರಲಿ ಎಂಬುದು.

ಮರೆಯ ತಡೆ

ಮೂರನೆಯ ಬಗೆಯ ಹಿಡಿತಕ್ಕೆ ಬಲ ಬೇಕಿಲ್ಲ, ತಿಳಿವಳಿಕೆ ಬೇಕು. ಬಲ ಹಾಕಿದಾಗ ಅತಿ ಹೆಚ್ಚು ಹಾನಿ ಮಾಡುವುದೂ ಇದೇ. ಜನರಲ್ ಮೋಟಾರ್ಸಿನ 10 ಮತ್ತು 12 ಬೋಲ್ಟಿನ ಆಕ್ಸಲ್ಲುಗಳಲ್ಲಿ, 1983ರ ಸುಮಾರಿಗೆ ಬಂದ ಫೋರ್ಡಿನ 8.8 ಇಂಚಿನದರಲ್ಲಿ, ಆಕ್ಸಲ್ ಶಾಫ್ಟನ್ನು ಹಿಡಿಯುವುದು ಡಿಫರೆನ್ಷಿಯಲ್ಲಿನ ಒಳಗಿರುವ ಸಿ ಆಕಾರದ ಕ್ಲಿಪ್ಪು. ಹಿಂದಿನ ಮುಚ್ಚಳ ತೆಗೆದು, ಎಣ್ಣೆ ಬಸಿದು, ಲಾಕ್ ಬೋಲ್ಟು ಬಿಚ್ಚಿ ಅಡ್ಡ ಶಾಫ್ಟನ್ನು ಹೊರತೆಗೆದು, ಆಕ್ಸಲ್ಲನ್ನು ಒಳಕ್ಕೆ ದೂಡಿದರೆ ಮಾತ್ರ ಕ್ಲಿಪ್ಪು ಕಳಚುತ್ತದೆ. ಹೊರಗೆಳೆಯಬೇಕಾದ ಭಾಗವನ್ನು ಮೊದಲು ಒಳಕ್ಕೆ ದೂಡಬೇಕೆಂಬುದು ಹೊರಗೆ ನಿಂತವನಿಗೆ ಹೊಳೆಯುವ ಮಾತಲ್ಲ. ಫೋರ್ಡ್ 9 ಇಂಚಿನ ಆಕ್ಸಲ್ಲಿನಲ್ಲಾದರೋ ಒಳಗೆ ಕ್ಲಿಪ್ಪೇ ಇಲ್ಲ. ಬ್ರೇಕಿನ ಹಿಂಬದಿಯ ತಟ್ಟೆಯ ನಾಲ್ಕು ನಟ್ಟು ಬಿಚ್ಚಿ ಜಾರುಸುತ್ತಿಗೆಯಿಂದ ಎಳೆದರೆ ಶಾಫ್ಟು ಬೇರಿಂಗಿನ ಸಮೇತ ಬರುತ್ತದೆ. ಒಂದರಲ್ಲಿ ಸರಿಯಾದ ಕ್ರಮ ಇನ್ನೊಂದರಲ್ಲಿ ನಾಶ. ಆದ್ದರಿಂದ ಸುತ್ತಿಗೆ ಎತ್ತುವ ಮೊದಲು ಹೌಸಿಂಗಿನ ಆಕಾರ ನೋಡಿ, ಹಿಂಬದಿಯ ಮುಚ್ಚಳವಿದೆಯೇ ಇಲ್ಲವೇ ಎಂದು ಗಮನಿಸಿ ಆಕ್ಸಲ್ಲಿನ ಜಾತಿಯನ್ನು ಗುರುತಿಸಬೇಕು.

ಇದೇ ಬಗೆಯ ತಡೆಗಳು ಸಾಲಿನುದ್ದಕ್ಕೂ ಇವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರನ್ನು ಎಂಜಿನ್ನಿನ ಫ್ಲೆಕ್ಸ್ ಪ್ಲೇಟಿಗೆ ಹಿಡಿದ ಬೋಲ್ಟುಗಳು ಕೆಳಗಿನ ಸಣ್ಣ ಮುಚ್ಚಳದ ಹಿಂದಿರುತ್ತವೆ. ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಒಂದೊಂದಾಗಿ ಅವನ್ನು ಬಿಚ್ಚಬೇಕು. ಒಂದು ಉಳಿದರೂ ಗೇರ್‌ಬಾಕ್ಸು ಡೊವೆಲ್ಲಿಗೆ ಅಂಟಿದಂತೆಯೇ ವರ್ತಿಸುತ್ತದೆ, ಮೀಟುಗೋಲು ಹಾಕಿದವನು ಬೆಲ್ ಹೌಸಿಂಗಿನ ಕಿವಿ ಮುರಿಯುತ್ತಾನೆ. ಮ್ಯಾನ್ಯುವಲ್ ಗೇರ್‌ಬಾಕ್ಸಿನಲ್ಲಿ ತಡೆ ಮತ್ತೊಂದು: ಬೋಲ್ಟುಗಳು ಬಿಚ್ಚಿದ ಕೂಡಲೇ ಬಾಕ್ಸಿನ ತೂಕ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿದ್ದು, ಕ್ಲಚ್ ಪ್ಲೇಟಿನ ಹಲ್ಲುಗಳಲ್ಲಿ ಶಾಫ್ಟು ಓರೆಯಾಗಿ ಕಚ್ಚಿಕೊಳ್ಳುತ್ತದೆ. ಗೇರ್‌ಬಾಕ್ಸ್ ಜಾಕಿನಿಂದ ಎತ್ತಿ ಎಂಜಿನ್ನಿನ ನೇರಕ್ಕೆ ತಂದರೆ ತುಸು ಅಲುಗಿಸಿದರೂ ಜಾರಿ ಬರುತ್ತದೆ. ಹಿಂದಿನ ಬ್ರೇಕ್ ಡ್ರಮ್ಮು ಬಾರದಿರಲು ಕಾರಣ ಬಹಳ ಸಲ ತುಕ್ಕೂ ಅಲ್ಲ: ಸವೆದ ಡ್ರಮ್ಮಿನ ಒಳ ಅಂಚಿನಲ್ಲಿ ಎದ್ದ ದಿಣ್ಣೆಗೆ ಬ್ರೇಕ್ ಶೂ ಸಿಕ್ಕಿಕೊಂಡಿರುತ್ತದೆ, ಹಿಂಬದಿಯ ಕಿಂಡಿಯಿಂದ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿದರೆ ಬಿಡುತ್ತದೆ. ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟು ಪಡೆದ ಯೂನಿವರ್ಸಲ್ ಜಾಯಿಂಟಿನ ಸಂತತಿಯಲ್ಲೂ ಈ ಭೇದವುಂಟು. ಫೋರ್ಡಿನ ಶಾಫ್ಟುಗಳಲ್ಲಿ ಕಪ್ಪುಗಳನ್ನು ಸರ್ಕ್ಲಿಪ್ಪು ಹಿಡಿದಿದ್ದರೆ, ಜನರಲ್ ಮೋಟಾರ್ಸಿನ ಹಲವು ಶಾಫ್ಟುಗಳಲ್ಲಿ ಕಾರ್ಖಾನೆಯಲ್ಲೇ ತೋಡಿಗೆ ಹೊಯ್ದ ಪ್ಲಾಸ್ಟಿಕ್ಕು ಹಿಡಿದಿರುತ್ತದೆ. ಇಲ್ಲದ ಕ್ಲಿಪ್ಪಿಗಾಗಿ ಹುಡುಕುವುದು ವ್ಯರ್ಥ. ಯೋಕನ್ನು ಬಿಸಿ ಮಾಡಿದಾಗ ಪ್ಲಾಸ್ಟಿಕ್ಕು ಕರಗಿ ಸಣ್ಣ ರಂಧ್ರದಿಂದ ಹೊರಸೂಸುತ್ತದೆ, ಆಮೇಲೆ ಕಪ್ಪನ್ನು ಒತ್ತಿ ತೆಗೆಯಬಹುದು.

ಎಣ್ಣೆ, ಬಿಸಿ, ಪೆಟ್ಟು, ಎಳೆತ

ಸಾಮಾನ್ಯವಾಗಿ ಹೇಳುವ ನಾಲ್ಕು ಉಪಾಯಗಳನ್ನು ಈ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ ಪ್ರತಿಯೊಂದರ ಮಿತಿಯೂ ತಿಳಿಯುತ್ತದೆ. ಎಣ್ಣೆ ಕೆಲಸ ಮಾಡುವುದು ತುಕ್ಕಿನ ಮೇಲೆ ಮಾತ್ರ, ಅದೂ ಒಳಹೋಗಲು ಸಂದಿಯಿದ್ದರೆ. ಎಲ್ಲೆಡೆ ಸಿಗುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯೇಗೊದ ರಾಕೆಟ್ ಕೆಮಿಕಲ್ ಕಂಪನಿಯಲ್ಲಿ. ಉದ್ದೇಶ ನೀರನ್ನು ದೂರವಿಟ್ಟು ಅಟ್ಲಾಸ್ ಕ್ಷಿಪಣಿಗೆ ತುಕ್ಕು ಹಿಡಿಯದಂತೆ ಕಾಯುವುದು. ತುಕ್ಕು ತಡೆಯಲು ಮಾಡಿದ ದ್ರವಕ್ಕೂ ಕಟ್ಟಿದ ತುಕ್ಕಿನೊಳಗೆ ನುಗ್ಗಲೆಂದೇ ಮಾಡಿದ ತೆಳು ಎಣ್ಣೆಗೂ ವ್ಯತ್ಯಾಸವಿದೆ. ಯಾವ ಎಣ್ಣೆಯಾದರೂ ಹಚ್ಚಿ ಗಂಟೆಗಟ್ಟಲೆ ಬಿಟ್ಟು, ನಡುನಡುವೆ ಬಡಿದು ಹೊಸ ಬಿರುಕು ತೆರೆದಾಗಲೇ ಅದು ಆಳಕ್ಕಿಳಿಯುವುದು. ಒತ್ತಿ ಕೂರಿಸಿದ ಬೇರಿಂಗಿಗೂ ಸಿ ಕ್ಲಿಪ್ಪಿಗೂ ಎಣ್ಣೆ ಹಚ್ಚಿ ಕಾಯುವುದರಿಂದ ಏನೂ ಆಗದು.

ಬಿಸಿಯ ಮಾತು ಇನ್ನೂ ಸೂಕ್ಷ್ಮ, ಏಕೆಂದರೆ ಅದು ಹಿಡಿತ ಬದಲಾದಂತೆ ಬೇರೆ ಬೇರೆ ಕೆಲಸ ಮಾಡುತ್ತದೆ. ಉಕ್ಕು ಪ್ರತಿ ಮೀಟರಿಗೆ 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 1.2 ಮಿಲಿಮೀಟರ್, ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತವೆ. 50 ಮಿಲಿಮೀಟರ್ ರಂಧ್ರದ ಉಕ್ಕಿನ ಹಬ್ಬನ್ನು 100 ಡಿಗ್ರಿ ಬಿಸಿ ಮಾಡಿದರೆ ರಂಧ್ರ 0.06 ಮಿಲಿಮೀಟರ್ ಅಗಲಿಸುತ್ತದೆ. ಒತ್ತಿ ಕೂರಿಸಿದ ಭಾಗ ಸಡಿಲಾಗಲು ಹಲವು ಸಲ ಅಷ್ಟು ಸಾಕು. ಆದರೆ ಬಿಸಿಯಾಗಬೇಕಾದ್ದು ಹೊರಗಿನ ಭಾಗ. ಶಾಫ್ಟೂ ಜೊತೆಗೆ ಬಿಸಿಯಾದರೆ ಲಾಭವಿಲ್ಲ. ತುಕ್ಕು ಹಿಡಿದ ಬೋಲ್ಟಿನಲ್ಲಿ ಬಿಸಿಯ ಕೆಲಸ ಬೇರೆ. ಸುತ್ತಲಿನ ಲೋಹ ಹಿಗ್ಗಲು ಬಿಡದ ಕಾರಣ ಬಿಸಿಯಾದ ಬೋಲ್ಟು ತನ್ನೊಳಗೇ ಜಜ್ಜಿಕೊಳ್ಳುತ್ತದೆ, ತಣಿದಾಗ ಕುಗ್ಗಿ ತುಕ್ಕಿನ ಅಂಟನ್ನು ಬಿರಿಸುತ್ತದೆ. ಫ್ಲೈವೀಲಿನ ಬೋಲ್ಟಿಗೆ ಹಚ್ಚುವ ಗಟ್ಟಿ ದರ್ಜೆಯ ಲಾಕಿಂಗ್ ಅಂಟನ್ನು ಮೆದುವಾಗಿಸಲು 250 ಡಿಗ್ರಿಯ ಸುಮಾರಿಗೆ ಹೋಗಬೇಕು. ಉಳಿಸಿಕೊಳ್ಳಬೇಕಾದ ಬೇರಿಂಗಾದರೆ 120 ಡಿಗ್ರಿಯ ಸುಮಾರಿಗೇ ನಿಲ್ಲಬೇಕು. 10.9 ದರ್ಜೆಯ ಬೋಲ್ಟನ್ನು ಕಾರ್ಖಾನೆಯಲ್ಲಿ ಹದಗೊಳಿಸುವುದು 425 ಡಿಗ್ರಿಗೆ ಕಡಿಮೆಯಿಲ್ಲದ ಕಾವಿನಲ್ಲಿ. ಕೆಂಪಗಾಗುವಂತೆ ಕಾಯಿಸಿದ ಬೋಲ್ಟು ಆ ಹದ ಕಳೆದುಕೊಂಡಿರುವುದರಿಂದ ಅದನ್ನು ಮತ್ತೆ ಬಳಸಕೂಡದು. ಕೈಯಲ್ಲಿರುವ ಗ್ಯಾಸ್ ಜ್ವಾಲೆ ಒಂದೇ ಆದರೂ ಎಷ್ಟು, ಎಲ್ಲಿ, ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಪ್ರತಿ ಸಲವೂ ಬೇರೆ.

ಪೆಟ್ಟು ಮತ್ತು ಎಳೆತಗಳ ನಡುವಿನ ಆಯ್ಕೆಯೂ ಹಾಗೆಯೇ. ಪೆಟ್ಟು ತುಕ್ಕನ್ನು ಬಿರಿಸುತ್ತದೆ, ಮೊನಚು ಜೋಡಣೆಯನ್ನು ಬೆಚ್ಚಿಸುತ್ತದೆ. ಬೇರಿಂಗಿನ ಗುಂಡುಗಳ ಮೂಲಕ ಹಾದಾಗ ಓಡುವ ದಾರಿಯಲ್ಲಿ ಗುಳಿ ಬೀಳಿಸುತ್ತದೆ. ಸಮವಾದ ಎಳೆತ ಒತ್ತಿ ಕೂರಿಸಿದ ಭಾಗಕ್ಕೆ ಸರಿ. ಎರಡನ್ನೂ ಕೂಡಿಸುವುದುಂಟು: ಪುಲ್ಲರಿಗೆ ಬಿಗಿತ ಕೊಟ್ಟು, ಎಳೆತ ಇರುವಾಗಲೇ ಹಬ್ಬಿನ ಅಂಚಿಗೆ ಹೊಡೆದರೆ ತುಕ್ಕು ಬಿರಿಯುವುದು, ಭಾಗ ಸರಿಯುವುದು ಒಂದೇ ಕ್ಷಣದಲ್ಲಿ ಆಗುತ್ತವೆ. ಕ್ರ್ಯಾಂಕ್ ಶಾಫ್ಟಿನ ತುದಿಯ ಕುರುಡು ಗುಳಿಯಲ್ಲಿ ಕೂತು ಇನ್‌ಪುಟ್ ಶಾಫ್ಟಿನ ತುದಿಯನ್ನು ಹೊರುವ ಪೈಲಟ್ ಬುಷ್ಷಿಗೆ ಎಳೆಯಲು ಹಿಡಿಯೇ ಸಿಗದು. ಗುಳಿಗೆ ಗ್ರೀಸು ತುಂಬಿ, ಬುಷ್ಷಿನ ರಂಧ್ರಕ್ಕೆ ಸರಿಹೊಂದುವ ಸರಳಿಟ್ಟು ಹೊಡೆದರೆ, ಕುಗ್ಗಲಾರದ ಗ್ರೀಸು ಹಿಂದಿನಿಂದ ಒತ್ತಿ ಬುಷ್ಷನ್ನು ಹೊರದೂಡುತ್ತದೆ. ಬಲವನ್ನು ಹೆಚ್ಚಿಸದೆ ದಿಕ್ಕನ್ನು ಬದಲಿಸಿ ಗೆದ್ದ ಉದಾಹರಣೆಯಿದು.

ಆಕ್ಷೇಪಗಳು

ಈ ವಾದಕ್ಕೆ ಗ್ಯಾರೇಜಿನ ಕಡೆಯಿಂದ ಬರುವ ಮೊದಲ ಆಕ್ಷೇಪ: ಪಳಗಿದ ಮೇಸ್ತ್ರಿ ಯಾವ ವಿಂಗಡಣೆಯನ್ನೂ ಮಾಡದೆ ಸುತ್ತಿಗೆ, ಗ್ಯಾಸು ಹಿಡಿದು ಬಿಚ್ಚುತ್ತಾನಲ್ಲ? ಅವನು ವಿಂಗಡಣೆ ಮಾಡುವುದಿಲ್ಲವೆಂಬುದು ನೋಡುವವರ ಭ್ರಮೆ. ಸ್ಪ್ಯಾನರಿಗೆ ಬಲ ಕೊಟ್ಟಾಗ ಬೋಲ್ಟು ಕಿರ್ರೆಂದು ನಿಧಾನವಾಗಿ ಬರುತ್ತಿದೆಯೇ, ಸ್ಪ್ರಿಂಗಿನಂತೆ ತಿರುಚಿ ಹಿಂದೆ ಬರುತ್ತಿದೆಯೇ ಎಂಬುದು ಅಂಗೈಗೆ ತಿಳಿಯುತ್ತದೆ; ಎರಡನೆಯದು ತುಂಡಾಗುವ ಮುನ್ಸೂಚನೆ. ಸುತ್ತಿಗೆಯ ಪೆಟ್ಟಿಗೆ ಬರುವ ಸದ್ದೂ ಬಿಗಿಯಾದ ಭಾಗಕ್ಕೂ ಸಡಿಲಾದುದಕ್ಕೂ ಬೇರೆ. ಇದೆಲ್ಲ ಪರೀಕ್ಷೆಯೇ, ಬಾಯಿಬಿಟ್ಟು ಹೇಳದ ಪರೀಕ್ಷೆ. ಇಂಪ್ಯಾಕ್ಟ್ ರಿಂಚು ಇದ್ದರೆ ಇದಾವುದೂ ಬೇಡವೆಂಬ ಮಾತೂ ಇದರ ಜೊತೆಗೇ ಬರುತ್ತದೆ. ಸಣ್ಣ ಪೆಟ್ಟುಗಳ ಸುರಿಮಳೆಯಿಂದ ಅದು ತುಕ್ಕನ್ನು ಸಡಿಲಿಸುವುದು ನಿಜ. ಆದರೆ ಕೈಗೆ ಸಿಗುವ ಸೂಚನೆಯನ್ನೇ ಅದು ಅಳಿಸಿಹಾಕುತ್ತದೆ. ಸಿ ಕ್ಲಿಪ್ಪಿನ ಅಡ್ಡ ಶಾಫ್ಟನ್ನು ಹಿಡಿದ ತೆಳು ಲಾಕ್ ಬೋಲ್ಟಿನಂಥದಕ್ಕೆ ಅದನ್ನು ಹಚ್ಚಿದರೆ ಬೋಲ್ಟು ಡಿಫರೆನ್ಷಿಯಲ್ಲಿನೊಳಗೇ ಮುರಿದು ಕೂರುವ ಅಪಾಯವಿದೆ.

ಎರಡನೆಯ ಆಕ್ಷೇಪ ಹಣದ್ದು: ಹುಡುಕುತ್ತ ಕೂರುವುದಕ್ಕಿಂತ ಕತ್ತರಿಸಿ ಹೊಸದು ಹಾಕುವುದು ಅಗ್ಗವಲ್ಲವೇ? ಕೆಲವೆಡೆ ಹೌದು. ನಟ್ಟು, ಬೋಲ್ಟು, ಯೂನಿವರ್ಸಲ್ ಜಾಯಿಂಟಿನ ಕ್ರಾಸು ಸುಲಭವಾಗಿ ಸಿಗುವ ಸಾಮಾನು. ಕ್ರಾಸನ್ನು ನಡುವೆ ಕತ್ತರಿಸಿ ಕಪ್ಪುಗಳನ್ನು ಒಳಕ್ಕೆ ಬಡಿದು ತೆಗೆಯುವುದರಿಂದ ಯೋಕಿನ ಕಿವಿ ಬಾಗುವುದು ತಪ್ಪುತ್ತದೆ. ಫೋರ್ಡಿನ ಉಕ್ಕಿನ ಬಳೆಯಂತೂ ಬಲಿಯಾಗಲೆಂದೇ ಇರುವುದು. ಆದರೆ ಸ್ಟೀರಿಂಗ್ ನಕಲ್ಲು, ಆಕ್ಸಲ್ ಹೌಸಿಂಗು, ಎರಕದ ಟ್ರಾನ್ಸ್‌ಫರ್ ಕೇಸಿನ ಕವಚ ಹಾಗಲ್ಲ. ತಯಾರಿಕೆ ನಿಂತ ಮಾದರಿಯದಾದರೆ ಹಳೆ ಗಾಡಿಗಳ ಗುಜರಿಯಲ್ಲಿ ಹುಡುಕಬೇಕು, ಅಲ್ಲಿ ಸಿಕ್ಕಿದ್ದೂ ಇಷ್ಟೇ ತುಕ್ಕು ಹಿಡಿದಿರಬಹುದು. ಹಾಗಾಗಿ ಕತ್ತರಿಸಬೇಕೇ ಎಂಬ ಪ್ರಶ್ನೆಗಿಂತ ಜೋಡಿಯಲ್ಲಿ ಯಾವುದನ್ನು ಬಲಿಕೊಡಬೇಕು ಎಂಬ ಪ್ರಶ್ನೆ ಮುಖ್ಯ. ಎರಕದೊಳಗೆ ತುಂಡಾದ ಬೋಲ್ಟಿಗೂ ಇದೇ ನಿಯಮ. ತುಂಡಿನ ಮೇಲೆ ನಟ್ಟಿಟ್ಟು ವೆಲ್ಡ್ ಮಾಡಿದರೆ ವೆಲ್ಡಿಂಗಿನ ಕಾವೇ ತುಕ್ಕನ್ನು ಬಿರಿಸಿ, ಹಿಡಿಯಲು ಹೊಸ ತಲೆಯನ್ನೂ ಕೊಡುತ್ತದೆ. ಆತುರದಲ್ಲಿ ಹಾಕಿದ ಎಕ್ಸ್‌ಟ್ರಾಕ್ಟರ್ ಒಳಗೇ ಮುರಿದರೆ, ಅದು ಸಾಮಾನ್ಯ ಡ್ರಿಲ್ಲಿಗೆ ಜಗ್ಗದಷ್ಟು ಗಟ್ಟಿಯಾದ ಉಕ್ಕಾದ್ದರಿಂದ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಿಜವಾದ ಗಾಡಿಯಲ್ಲಿ ಮೂರು ಹಿಡಿತಗಳು ಬೇರೆ ಬೇರೆಯಾಗಿ ಸಿಗುವುದಿಲ್ಲ. ಒತ್ತಿ ಕೂರಿಸಿದ ಬೇರಿಂಗಿನ ಸುತ್ತಲೂ ತುಕ್ಕಿರುತ್ತದೆ, ತುಕ್ಕಿನ ಅಡಿಯಲ್ಲಿ ಸರ್ಕ್ಲಿಪ್ಪು ಅಡಗಿರುತ್ತದೆ, ಹಾಗಿರುವಾಗ ವಿಂಗಡಣೆಯಿಂದ ಏನು ಪ್ರಯೋಜನ? ಪ್ರಯೋಜನ ಇರುವುದು ಇಲ್ಲಿಯೇ: ಅದು ಕೆಲಸದ ಕ್ರಮವನ್ನು ಕೊಡುತ್ತದೆ. ಮರೆಯ ತಡೆಯನ್ನು ಬಲ ತೆಗೆಯಲಾರದು, ಬಲ ಅದನ್ನು ಮುರಿಯುತ್ತದೆ. ಆದ್ದರಿಂದ ಮೊದಲು ತಂತಿಬ್ರಷ್ಷು, ದೀಪ, ಆ ಭಾಗದ ಚಿತ್ರ ಹಿಡಿದು ತಡೆ ಹುಡುಕಬೇಕು. ಎರಡನೆಯದಾಗಿ ಎಣ್ಣೆ, ಕಾವು, ಸಣ್ಣ ಪೆಟ್ಟುಗಳಿಂದ ತುಕ್ಕನ್ನು ಸಡಿಲಿಸಬೇಕು. ಆಮೇಲೆ ಉಳಿಯುವುದು ವಿನ್ಯಾಸದ ಹಿಡಿತ. ಅದರ ಪ್ರಮಾಣ ಕೈಪಿಡಿಯಲ್ಲಿರುವುದರಿಂದ ಅದಕ್ಕೆ ತಕ್ಕ ಸಲಕರಣೆ, ತಕ್ಕ ಬಲ ಆಯ್ದುಕೊಳ್ಳಬಹುದು. ನಿಗದಿಯಾದುದಕ್ಕಿಂತ ಬಹಳ ಹೆಚ್ಚು ಬಲ ಬೇಕಾಗುತ್ತಿದೆ ಎಂದರೆ ಮೊದಲ ಎರಡರಲ್ಲಿ ಒಂದು ಇನ್ನೂ ಮುಗಿದಿಲ್ಲವೆಂದೇ ಅರ್ಥ. ಹಿಡಿತಗಳು ಬೆರೆತಿರುವುದರಿಂದ ವಿಂಗಡಣೆ ನಿರರ್ಥಕವಾಗುವುದಿಲ್ಲ, ಇನ್ನಷ್ಟು ಅಗತ್ಯವಾಗುತ್ತದೆ.

ಸುರಕ್ಷತೆ ಮತ್ತು ಮರುಜೋಡಣೆ

ಭಾಗ ಅನಿರೀಕ್ಷಿತವಾಗಿ ಬಿಡುವುದೇ ಈ ಕೆಲಸದ ದೊಡ್ಡ ಅಪಾಯ. ನ್ಯೂ ಪ್ರೊಸೆಸ್ 205ರಂಥ ಎರಕದ ಕಬ್ಬಿಣದ ಟ್ರಾನ್ಸ್‌ಫರ್ ಕೇಸು 60 ಕಿಲೋ ಆಸುಪಾಸು ತೂಗುತ್ತದೆ. ಕೊನೆಯ ಬೋಲ್ಟು ಬಿಡುವ ಮೊದಲೇ ಅದರಡಿ ಜಾಕು ಇರಬೇಕು. ಗಾಡಿಯ ಭಾರವನ್ನು ಜಾಕಿನ ಮೇಲಲ್ಲ, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು; ಉದ್ದ ಸರಳಿನ ಎಳೆತ ಗಾಡಿಯನ್ನೇ ಅಲುಗಿಸಬಲ್ಲದು. ಬಿಸಿ ಮಾಡುವಾಗ ಪೆಟ್ರೋಲ್ ಪೈಪು, ಗ್ರೀಸು, ರಬ್ಬರ್ ಸೀಲುಗಳು ಹತ್ತಿರವಿರುವುದನ್ನು ಮರೆಯಬಾರದು. ಕ್ಲೋರಿನ್ ಸಂಯುಕ್ತಗಳುಳ್ಳ ಬ್ರೇಕ್ ಕ್ಲೀನರ್ ಹಚ್ಚಿದ ಲೋಹವನ್ನು ಕಾಯಿಸಿದರೆ ವಿಷಾನಿಲವಾದ ಫಾಸ್‌ಜೀನ್ ಉಂಟಾಗಬಹುದು. ಹಳೆಯ ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಸ್ ಇರುತ್ತಿದ್ದುದರಿಂದ ಅಲ್ಲಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಮಾಡಿ ಒರೆಸಬೇಕು.

ಬಿಚ್ಚಿದ್ದು ಸರಿಯಾಗಿತ್ತೇ ಎಂಬುದಕ್ಕೆ ಕೊನೆಯ ಪರೀಕ್ಷೆ ಮರುಜೋಡಣೆ. ಕಾಣದ ತಡೆಗಳನ್ನು ಹೊಸ ಕ್ಲಿಪ್ಪು, ಹೊಸ ಲಾಕ್ ಬೋಲ್ಟಿನೊಂದಿಗೆ ಮತ್ತೆ ಇಡಬೇಕು. ತುಕ್ಕನ್ನು ಕೆರೆದು ತೆಗೆದು, ಸ್ಪಿಂಡಲ್ಲು, ಡೊವೆಲ್ಲುಗಳಂಥ ಕೂರುವ ಜಾಗಗಳಿಗೆ ತೆಳುವಾಗಿ ಗ್ರೀಸು ಹಚ್ಚಿ ಅದು ಮರಳದಂತೆ ತಡೆಯಬೇಕು. ವಿನ್ಯಾಸದ ಹಿಡಿತವನ್ನು ಮಾತ್ರ ಇದ್ದಂತೆಯೇ ಪುನಃ ಕಟ್ಟಬೇಕು. ಮುಂದಿನ ಸಲ ಸುಲಭವಾಗಲೆಂದು ಎಲ್ಲ ಥ್ರೆಡ್ಡುಗಳಿಗೂ ಆಂಟಿಸೀಜ್ ಬಳಿಯುವ ರೂಢಿ ಈ ಭೇದವನ್ನು ಮರೆಯುತ್ತದೆ. ಒಣ ಥ್ರೆಡ್ಡಿಗೆಂದು ಕೊಟ್ಟ ಬಿಗಿತದ ಸಂಖ್ಯೆಯಲ್ಲಿ ಶೇ. 90 ಘರ್ಷಣೆಯ ಪಾಲು. ಆ ಘರ್ಷಣೆ ಇಳಿದಾಗ ಅದೇ ಸಂಖ್ಯೆಗೆ ಬಿಗಿದರೆ ಬೋಲ್ಟಿನ ಮೇಲಿನ ಎಳೆತ ಲೆಕ್ಕ ಮೀರುತ್ತದೆ. ಆದ್ದರಿಂದ ಆಂಟಿಸೀಜ್ ಹಚ್ಚಿದಲ್ಲಿ ಬಿಗಿತವನ್ನು ತಗ್ಗಿಸಬೇಕು, ತಯಾರಕರು ಒಣದಾಗಿರಲಿ ಎಂದ ಚಕ್ರದ ಸ್ಟಡ್ಡಿನಂಥ ಕಡೆ ಅದನ್ನು ಹಚ್ಚಲೇಬಾರದು. ಯಾವ ಹಿಡಿತವನ್ನು ಕಳೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಚನೆ ಬಿಚ್ಚುವಾಗ ಎಷ್ಟು ಬೇಕೋ ಜೋಡಿಸುವಾಗಲೂ ಅಷ್ಟೇ ಬೇಕು.